ಭದ್ರಕ್ಕನ ಪಕ್ಕದ ಖಾಲಿ ಜಾಗ

ನಮ್ಮ ಊರಿಗೆ ಒಮ್ಮೆ ಕನ್ನಡಿ ಮಾರುವವನು ಬಂದಿದ್ದನಂತೆ. ಬಸ್ ಸ್ಟಾಂಡಿನಲ್ಲಿ ಪೆಟ್ಟಿಗೆ ಬಿಚ್ಚಿ, ಕನ್ನಡಿಗಳನ್ನು ಸಾಲಾಗಿ ನಿಲ್ಲಿಸಿ, ಮೀಸೆ ತಿದ್ದಿಕೊಳ್ಳಲು ಒಂದರೊಳಗೆ ಇಣುಕಿದ. ಹಿಂದಿನ ಟೀ ಅಂಗಡಿ ಕಂಡಿತು, ಅಂಗಡಿಯ ಬೆಂಚು ಕಂಡಿತು, ಬೆಂಚಿನ ಮೇಲಿನ ಲೋಟಗಳೂ ಕಂಡವು. ಲೋಟ ಹಿಡಿದವರು ಕಾಣಲಿಲ್ಲ, ಅವನ ಮೀಸೆಯೂ ಕಾಣಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಏರಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ನಮ್ಮ ಹೊಳೆಯೂ ಹಾಗೆಯೇ. ಮರ ಕಾಣುತ್ತದೆ, ಮೋಡ ಕಾಣುತ್ತದೆ, ಬಗ್ಗಿ ನೋಡುವವನು ಮಾತ್ರ ಕಾಣುವುದಿಲ್ಲ.

ಹಾಗಾಗಿ ನಮಗೆ ನಾವು ಸಿಗುವುದು ಗೋಡೆಯ ಮೇಲೆ. ಆಳಿಗೊಂದು ಚೌಕಟ್ಟು. ಮನೆಗೆ ಸೊಸೆ ಬಂದರೆ ಮಾರನೆಯ ಬೆಳಿಗ್ಗೆ ನಡುಮನೆಯ ಗೋಡೆಯಲ್ಲಿ ಹೊಸದೊಂದು ಚೌಕಟ್ಟು ಮೂಡಿರುತ್ತದೆ. ಮೊಳೆ ಇಲ್ಲ, ಕೀಲಿಲ್ಲ, ಕೀಳಲು ಬರುವುದಿಲ್ಲ. ಕೆಲವರಿಗೆ ಚೌಕ, ಕೆಲವರಿಗೆ ಮಂಚದ ಹಾಗೆ ಅಡ್ಡ, ಕೆಲವರಿಗೆ ಬಾಗಿಲಿನ ಹಾಗೆ ಉದ್ದ. ಚಿತ್ರದ ಹಾಳೆ ಮಾತ್ರ ಊರಿಗೆಲ್ಲ ಒಂದೇ ಅಳತೆ, ಒಂದು ಮೊಳದ ಚೌಕ. ಅದನ್ನು ಚೌಕಟ್ಟಿಗೆ ತಾಗಿಸಿದರೆ ಸಾಕು, ಚೌಕಟ್ಟು ನಾಲ್ಕು ಮೂಲೆಗೂ ಎಳೆದುಕೊಂಡು ತನ್ನ ಆಕಾರಕ್ಕೆ ಮಾಡಿಕೊಳ್ಳುತ್ತದೆ. ಬಣ್ಣ ಬರುವುದೂ ಆಗಲೇ. ಅಲ್ಲಿಯವರೆಗೆ ಹಾಳೆ ಬರೀ ಬೂದು. ಅಂಟಿದ್ದು ಅಂಟಿತು, ಮುಂದಿನ ಯುಗಾದಿಯ ಹಿಂದಿನ ದಿನ ತಾನಾಗಿ ಉದುರುವವರೆಗೆ ಅದೇ ನಿಮ್ಮ ಮುಖ. ಹಾಳೆ ಹಿಗ್ಗಿದಷ್ಟೂ ಮನೆಯವರು ಕುಗ್ಗುತ್ತಾರೆ ಎಂದು ನಾನು ತಮಾಷೆ ಮಾಡುವುದುಂಟು.

ಇಂಥ ಊರಿನಲ್ಲಿ ಮರ್ಯಾದೆ ಎಂದರೆ ಇನ್ನೊಬ್ಬರ ಮೈಯಳತೆಯ ಮಾತು ಎತ್ತದಿರುವುದು. ದಪ್ಪಗಾದಿರಿ, ಬಡವಾದಿರಿ, ಮೂಗು ನಿಮ್ಮ ತಾಯಿಯದೇ, ಇಂಥದ್ದೆಲ್ಲ ಬೈಗುಳಕ್ಕಿಂತ ಕೆಟ್ಟ ಮಾತು. ಗಂಡ ಹೆಂಡತಿಗೂ ಹೇಳುವಂತಿಲ್ಲ. ದರ್ಜಿ ಹಯಾತ್ ಸಾಬರು ಟೇಪನ್ನೇ ಇಟ್ಟುಕೊಂಡಿಲ್ಲ. ಮನೆಗೆ ಬಂದು, ಗೋಡೆಯ ಮೇಲಿನ ಚಿತ್ರ ನೋಡಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ ರವಿಕೆ ಹೊಲಿಯುತ್ತಾರೆ.

ನಾನು ಶೇಷಾದ್ರಿ, ಎಲ್ಲರ ಬಾಯಲ್ಲಿ ಶೇಷು. ಹೊರಗಿನ ಕಾಲೇಜಿಗೆ ಹೋಗಿ ಪದವೀಧರನಾದೆ. ಪದವಿಯನ್ನು ಯಾರೂ ಕೇಳಲಿಲ್ಲ, ಪದಗಳು ಮಾತ್ರ ಉಪಯೋಗಕ್ಕೆ ಬಂದವು. ವಾಪಸು ಬಂದು ಸೋದರಮಾವ ವೆಂಕೋಬರಾಯರ ಚಿತ್ರದಂಗಡಿಗೆ ಕೂತೆ. ಇನ್ನೊಂದು ವಿದ್ಯೆಯೂ ನನಗಿದೆ. ಯಾರ ದನಿ ಬೇಕಾದರೂ ನನ್ನ ಗಂಟಲಿನಲ್ಲಿ ಬರುತ್ತದೆ. ಕಂಡಕ್ಟರು, ಹಯಾತ್ ಸಾಬರು, ಅವರ ಹೊಲಿಗೆ ಮಿಷನ್ನು, ಎಲ್ಲ. ಇದರಲ್ಲಿ ಒಂದು ವಿಶೇಷ ಗಮನಿಸಿದ್ದೇನೆ. ಯಾರ ದನಿ ಮಾಡಿದರೂ ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ದನಿಯ ಯಜಮಾನರು ಮಾತ್ರ ‘ಯಾರದ್ದೋ ಇದು?’ ಎಂದು ಕೇಳುತ್ತಾರೆ.

ಮಾವನ ಪೆಟ್ಟಿಗೆ ಕ್ಯಾಮೆರಾದ ಮುಂಭಾಗದಲ್ಲಿ ಎರಡು ಹಿತ್ತಾಳೆ ತಿರುಪುಗಳಿದ್ದವು. ಒಂದು ಅಗಲದ್ದು, ಒಂದು ಎತ್ತರದ್ದು. ನಲವತ್ತು ವರ್ಷ ಅವರು ಅವೆರಡನ್ನೂ ಮುಟ್ಟಿರಲಿಲ್ಲ. ಕಿಲುಬು ಹಿಡಿದು ಹಸಿರಾಗಿದ್ದವು. ಅವರು ತೀರಿಕೊಂಡ ಮೇಲೆ ನಾನು ಮೂರು ದಿನ ಕೊಬ್ಬರಿ ಎಣ್ಣೆ ಬಿಟ್ಟು, ಹುಣಸೆಹಣ್ಣಿನಲ್ಲಿ ತಿಕ್ಕಿ, ಅಗಲದ ತಿರುಪನ್ನು ಅರ್ಧ ಸುತ್ತು ತಿರುಗಿಸಿದೆ. ಅಷ್ಟೇ ಸಾಕಿತ್ತು. ಚೌಕಟ್ಟು ಹಾಳೆಯನ್ನು ಎರಡರಷ್ಟು ಅಗಲಕ್ಕೆ ಎಳೆಯುವುದಾದರೆ ನಾನು ಮೊದಲೇ ಅರ್ಧಕ್ಕೆ ಒತ್ತಿ ಕೊಡುವುದು. ಅದು ತನ್ನ ಹಟದಂತೆ ಎಳೆಯಲಿ, ಎಳೆದಾಗಲೇ ಸರಿಹೋಗುತ್ತದೆ. ಸರಿಹೋಯಿತೋ ಇಲ್ಲವೋ ತಿಳಿಯುವುದಕ್ಕೆ ದುಂಡಗಿನ ಏನಾದರೊಂದನ್ನು ಕೈಯಲ್ಲಿ ಹಿಡಿಸಿ ಚಿತ್ರ ತೆಗೆಯಬೇಕು. ಅದು ಗೋಡೆಯ ಮೇಲೆ ದುಂಡಗೆ ಬಂದರೆ ಮುಖವೂ ಸರಿಯಾಗಿ ಬಂದ ಹಾಗೆ. ದುಂಡಗಿನ ವಸ್ತುವನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ನಮ್ಮ ಊರಿನಲ್ಲಿ ಭದ್ರಕ್ಕನ ಹಪ್ಪಳಕ್ಕಿಂತ ದುಂಡಗಿನದು ಹುಣ್ಣಿಮೆಯ ದಿನವೂ ಸಿಗುವುದಿಲ್ಲ.

ನನ್ನನ್ನು ಮಾತ್ರ ನಾನೇ ತೆಗೆದುಕೊಳ್ಳಲಾಗದು. ಕ್ಯಾಮೆರಾ ಮುಟ್ಟಲು ಬೇರೆ ಯಾರೂ ಒಪ್ಪುವುದಿಲ್ಲ. ನನ್ನ ಅಡ್ಡ ಚೌಕಟ್ಟಿನಲ್ಲಿ ಮಾವ ತೆಗೆದ ಚಿತ್ರಗಳಲ್ಲೆಲ್ಲ ಕಿವಿಗಳು ಎರಡು ಮೊರಗಳು. ಹೈಸ್ಕೂಲಿನಿಂದಲೂ ಅವುಗಳ ಮೇಲೆ ಕೂದಲು ಇಳಿಬಿಟ್ಟು ಓಡಾಡುತ್ತಿದ್ದೇನೆ.

ಭದ್ರಕ್ಕ ಮತ್ತು ತುಂಗಕ್ಕ ಅವಳಿ. ಭದ್ರಕ್ಕ ಕಾಲು ಗಂಟೆ ದೊಡ್ಡವಳು. ಮೇಲಿನ ಊರಿನ ತವರಿನಲ್ಲಿ ಇಬ್ಬರಿಗೂ ಒಂದೇ ಅಳತೆಯ ಚೌಕ ಚೌಕಟ್ಟು ಇತ್ತಂತೆ. ಅಪ್ಪ ಅಮ್ಮನೇ ಅದಲು ಬದಲು ಮಾಡಿ ಕರೆಯುತ್ತಿದ್ದರಂತೆ. ಆಮೇಲೆ ಭದ್ರಕ್ಕ ಹೊಳೆಯ ಈ ದಡದ ಶಾಮಣ್ಣನವರ ಮನೆಗೆ ಬಂದಳು, ಅಡ್ಡ ಚೌಕಟ್ಟು ಮೂಡಿತು. ತುಂಗಕ್ಕ ಆ ದಡಕ್ಕೆ ಹೋದಳು, ಉದ್ದ ಚೌಕಟ್ಟು ಮೂಡಿತು. ಹೆಸರಿಗೆ ತಕ್ಕ ಹಾಗೆ ಒಬ್ಬಳು ಭದ್ರವಾದಳು, ಒಬ್ಬಳು ಎತ್ತರವಾದಳು. ಮೂವತ್ತು ವರ್ಷ ಮಾವ ತೆಗೆದ ಚಿತ್ರ ನೋಡಿ ನೋಡಿ ಭದ್ರಕ್ಕ ಬಾಗಿಲು ದಾಟುವಾಗ ಪಕ್ಕಕ್ಕೆ ತಿರುಗಿಯೇ ದಾಟುತ್ತಿದ್ದಳು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಟಿಕೆಟ್ ತೆಗೆಯುತ್ತಿದ್ದಳು. ಹಯಾತ್ ಸಾಬರು ಹೊಲಿದ ರವಿಕೆ ಗೋಣಿಚೀಲದ ಹಾಗೆ ಜೋತಾಡಿದರೆ, ಹತ್ತಿ ಬಟ್ಟೆ ಒಗೆದ ಹಾಗೆಲ್ಲ ಹಿಗ್ಗುತ್ತದೆ ಎನ್ನುತ್ತಿದ್ದಳು. ಆಚೆ ದಡದ ತುಂಗಕ್ಕ ತನ್ನ ಮನೆಯ ಬಾಗಿಲಲ್ಲೇ ತಲೆ ಬಗ್ಗಿಸಿ ಬಗ್ಗಿಸಿ ಕತ್ತುನೋವು ತಂದುಕೊಂಡಿದ್ದಳು.

ಹೊಳೆಗೆ ಒಂದು ತೂಗುಸೇತುವೆ ಇದೆ. ದನ ನುಗ್ಗಬಾರದೆಂದು ನಮ್ಮ ಕಡೆ ಒಂದು ಸುತ್ತುಗೇಟು, ಒಬ್ಬೊಬ್ಬರೇ ತಳ್ಳಿಕೊಂಡು ಹೋಗಬೇಕು. ಆಚೆ ಕಡೆ ಒಂದು ತಗ್ಗಾದ ಕಬ್ಬಿಣದ ಕಮಾನು. ಭದ್ರಕ್ಕ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆಂದು ದಾಟಲಿಲ್ಲ, ತುಂಗಕ್ಕ ಕಮಾನಿಗೆ ಹಣೆ ಒಡೆದುಕೊಳ್ಳುತ್ತೇನೆಂದು ದಾಟಲಿಲ್ಲ. ಎರಡು ದಡದಲ್ಲಿ ನಿಂತು, ಒಬ್ಬರಿಗೊಬ್ಬರು ಹೆಬ್ಬೆರಳಿನಷ್ಟು ಕಾಣುತ್ತ, ಸಂಜೆ ಹೊತ್ತು ಕೂಗಿ ಮಾತಾಡುತ್ತಿದ್ದರು. ಅವರ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಾಯಿಯ ಅಕ್ಕ, ಇಲ್ಲವೇ ಅಜ್ಜಿಯ ಅಕ್ಕ. ತುಂಗಕ್ಕನ ಮೂರು ಮಕ್ಕಳ ಹೆಸರನ್ನೂ ಭದ್ರಕ್ಕ ಈ ದಡದಿಂದಲೇ ಕೂಗಿದ್ದಳು. ಊರಿಗೆಲ್ಲ ಹೆಸರು ತಿಳಿಯಿತು, ಮಗುವಿಗೊಂದಕ್ಕೆ ತಿಳಿಯಲಿಲ್ಲ ಎಂದು ಈಗಲೂ ನಗುತ್ತಾರೆ. ಈಗ ತುಂಗಕ್ಕನ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ನಾಮಕರಣ ಯುಗಾದಿ ಕಳೆದ ಎರಡನೆಯ ಶುಕ್ರವಾರ.

ಯುಗಾದಿಯ ಹಿಂದಿನ ದಿನ ಹಾಳೆಗಳು ಉದುರಿ, ಊರೆಲ್ಲ ಬೂದು ಗೋಡೆ ನೋಡುತ್ತ ಕೂತಿದ್ದಾಗ ಶಾಮಣ್ಣನವರು ಅಂಗಡಿಗೆ ಬಂದರು. ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡುವವರಲ್ಲ. ಅಂದಿನ ನಾಲ್ಕನ್ನೂ ನನ್ನ ಮೇಲೆ ಖರ್ಚು ಮಾಡಿದರು. “ಈ ಸಲ ಕಿವೀಲೇ ಹೇಳಬೇಕಂತಾಳೆ. ರಾತ್ರಿಯೆಲ್ಲ ಅಳ್ತಾಳೆ. ನಾನು ಹೇಳೋ ಹಾಗಿಲ್ಲ. ನೀನು ತೋರಿಸು.”

“ತೋರಿಸ್ತೀನಿ ಬಿಡಿ ಶಾಮಣ್ಣ,” ಎಂದೆ. ನನಗೆ ಅನುಮಾನವೇ ಇರಲಿಲ್ಲ. ಅಳತೆ ಸರಿಯಿದ್ದರೆ ಅಳುವುದು ಯಾಕೆ?

ಮಾರನೆಯ ದಿನ ಭದ್ರಕ್ಕ ತವರಿನವರು ಕಳಿಸಿದ ಹಬ್ಬದ ಸೀರೆ ಉಟ್ಟುಕೊಂಡು ಬಂದಳು. ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬಂದಳು. ಕೈಗೆ ಅವಳದೇ ಹಪ್ಪಳ ಒಂದನ್ನು ಕೊಟ್ಟೆ.

“ಇದ್ಯಾಕೋ? ನಾನೇನು ಹಪ್ಪಳ ಮಾರೋಕೆ ಗೋಡೆ ಹತ್ತಬೇಕಾ?”

“ಹೊಸ ಪದ್ಧತಿ ಭದ್ರಕ್ಕ. ಅಲುಗಾಡಬೇಡಿ.”

“ಅಲುಗಾಡಿದ್ರೆ ನಿನ್ನ ಅಂಗಡಿ ಉಳಿಯುತ್ತೇನೋ?” ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡು ನಗದೆ ನಿಂತಳು.

ಅಗಲದ ತಿರುಪನ್ನು ಅರ್ಧದ ಗುರುತಿಗೆ ತಂದೆ. ಸಂಜೆ ಅವರ ಮನೆಗೆ ಹೋಗಿ ಹಾಳೆಯನ್ನು ಚೌಕಟ್ಟಿಗೆ ತಾಗಿಸಿದೆ. ಚೌಕಟ್ಟು ಎಳೆಯಿತು. ಬಣ್ಣ ಏರಿತು. ಮೊದಲು ಹಪ್ಪಳ ನೋಡಿದೆ. ಕೈವಾರ ಇಟ್ಟು ಬರೆದ ಹಾಗೆ ದುಂಡಗೆ. ಅದರ ಹಿಂದೆ ಸಣ್ಣ ಮೈಕಟ್ಟಿನ, ಐವತ್ತೆರಡು ವರ್ಷದ, ದೊಡ್ಡ ಕುಂಕುಮದ ಹೆಂಗಸು. ಚೌಕಟ್ಟಿನ ಒಂದು ಅರ್ಧದಲ್ಲಿ ಅವಳು, ಇನ್ನೊಂದು ಅರ್ಧದಲ್ಲಿ ನನ್ನ ಅಂಗಡಿಯ ಖಾಲಿ ನೀಲಿ ಪರದೆ. ನನ್ನ ಬದುಕಿನಲ್ಲಿ ಅಷ್ಟು ಕರಾರುವಾಕ್ಕಾದ ಕೆಲಸ ಇನ್ನೊಂದು ಮಾಡಿಲ್ಲ.

ಭದ್ರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ಬಂತು. ನಾನು ಶಾಮಣ್ಣನವರ ಕಡೆ ನೋಡಿ ಹುಬ್ಬು ಹಾರಿಸಿದೆ.

“ತುಂಗ,” ಎಂದಳು ಭದ್ರಕ್ಕ. “ಹಾಗೇ ಇದಾಳೆ ನೋಡ್ರೀ. ಒಂಚೂರೂ ಬದಲಾಗಿಲ್ಲ.”

ನನ್ನ ಹುಬ್ಬು ಮೇಲೆಯೇ ನಿಂತಿತು. “ಭದ್ರಕ್ಕ, ಇದು ನೀವೇ. ನಿನ್ನ ಸೀರೆ ನೋಡಿ, ಅಲ್ಲ, ನಿಮ್ಮ ಸೀರೆ ನೋಡಿ.”

“ತವರಿಂದ ಇಬ್ಬರಿಗೂ ಒಂದೇ ಸೀರೆ ಕಣೋ ಯಾವಾಗಲೂ. ಯಾವಾಗ ಹೋಗಿ ತೆಗೆದೆ?”

“ಕೈಯಲ್ಲಿ ನಿಮ್ಮ ಹಪ್ಪಳ ಇದೆಯಲ್ಲ.”

“ಹೋದ ವಾರ ಪೋಸ್ಟಿನವರ ಕೈಲಿ ಎರಡು ಕಟ್ಟು ನಾನೇ ಕಳಿಸಿದ್ದೆ. ಅದನ್ನೇ ಹಿಡ್ಕೊಂಡು ನಿಂತಿದಾಳೆ, ನನಗೆ ಗೊತ್ತಾಗಲಿ ಅಂತ.” ಆಮೇಲೆ ನೀಲಿ ಪರದೆಯ ಖಾಲಿ ಜಾಗದ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು, “ಪಕ್ಕದಲ್ಲಿ ಎಷ್ಟು ಜಾಗ ಬಿಟ್ಟಿದಾಳೆ ನೋಡು. ನನ್ನ ಅಗಲಕ್ಕೆ ಅಳತೆ ಮಾಡಿ ಬಿಟ್ಟಿದಾಳೆ.”

ಹಳೆಯ ಚಿತ್ರಗಳಲ್ಲಿ ಬಳೆಗಳು ಕೋಳಿಮೊಟ್ಟೆಯ ಹಾಗಿದ್ದುದನ್ನು ನೆನಪಿಸಿದೆ. ಕೈ ದಪ್ಪವಿದ್ದರೆ ಬಳೆ ಹಿಗ್ಗದೆ ಏನು ಮಾಡುತ್ತದೆ ಎಂದಳು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು ನಾನು, ಹಪ್ಪಳ ಲಟ್ಟಿಸಿದವಳ ಮುಂದೆ ಸೋತೆ.

ಸೋಲು ನನಗೆ ಒಗ್ಗುವುದಿಲ್ಲ. ಮರುದಿನ ಪೆಟ್ಟಿಗೆ ಹೊತ್ತುಕೊಂಡು ಸೇತುವೆ ದಾಟಿ ತುಂಗಕ್ಕನ ಮನೆಗೆ ಹೋದೆ. ಅಲ್ಲಿ ಎತ್ತರದ ತಿರುಪನ್ನು ಅರ್ಧಕ್ಕೆ ತಂದು, ಅಕ್ಕನ ಹಪ್ಪಳವನ್ನೇ ಹಿಡಿಸಿ ತೆಗೆದೆ. ಹಾಳೆ ತಾಗಿಸಿದೆ. ಉದ್ದ ಚೌಕಟ್ಟಿನ ಕೆಳಗಿನ ಅರ್ಧದಲ್ಲಿ ಅದೇ ಸಣ್ಣ ಹೆಂಗಸು ಬಂದಳು, ಮೇಲಿನ ಅರ್ಧ ಖಾಲಿ. ತುಂಗಕ್ಕ ತಲೆ ಬಗ್ಗಿಸಿಕೊಂಡೇ ಹತ್ತಿರ ಬಂದಳು.

“ಭದ್ರಿ,” ಎಂದಳು. “ಅಯ್ಯೋ ನಮ್ಮ ಭದ್ರಿ. ನನ್ನ ತಲೆಗೆ ಅಂತ ಮೇಲೆ ಜಾಗ ಬಿಟ್ಟು ನಿಂತಿದಾಳೆ.”

ಇದರಿಂದ ಆದದ್ದು ಇಷ್ಟು. ತಂಗಿ ಹಾಗೇ ಉಳಿದಿದ್ದಾಳೆ, ನಾನೊಬ್ಬಳು ಹೀಗಾದೆ ಎಂದು ಭದ್ರಕ್ಕ ಸಂಜೆ ದಡಕ್ಕೆ ಹೋಗುವುದನ್ನೂ ಬಿಟ್ಟಳು. ಅಕ್ಕ ಹಾಗೇ ಇದ್ದಾಳೆ, ನಾನೊಬ್ಬಳು ತೆಂಗಿನಮರವಾದೆ ಎಂದು ತುಂಗಕ್ಕನೂ ಬಿಟ್ಟಳು. ಮೂವತ್ತು ವರ್ಷ ನಿಲ್ಲದೆ ನಡೆದ ಕೂಗಾಟ ನನ್ನ ಎರಡು ಸರಿಯಾದ ಚಿತ್ರಗಳಿಂದ ನಿಂತುಹೋಯಿತು. ಚಿತ್ರಗಳನ್ನು ಕೀಳೋಣವೆಂದರೆ ಮುಂದಿನ ಯುಗಾದಿಯವರೆಗೆ ಅವು ಜಪ್ಪಯ್ಯ ಎಂದರೂ ಬರುವುದಿಲ್ಲ. ಭದ್ರಕ್ಕ ಗೋಡೆಯ ಜೊತೆ ಮಾತಾಡುವುದನ್ನು ರೂಢಿಸಿಕೊಂಡಳು. “ನೋಡು ತುಂಗ, ಶುಕ್ರವಾರ ಹೆಸರು ಕೂಗಿಬಿಡ್ತೀನಿ. ಹತ್ತಿರ ಬಂದು ನಿನ್ನ ಬೀಗರ ಎದುರಿಗೆ ನಿನ್ನ ಮಾನ ಕಳೆಯಲ್ಲ.”



ಶುಕ್ರವಾರ ಬೆಳಿಗ್ಗೆ ಆಚೆ ದಡದಲ್ಲಿ ಜನ ಸೇರತೊಡಗಿದ್ದರು. ತೊಟ್ಟಿಲಿಗೆ ಹೂವು ಸುತ್ತುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು. ಭದ್ರಕ್ಕ ಕೂಗುವ ಮುಹೂರ್ತಕ್ಕೆ ಇನ್ನೂ ಹೊತ್ತಿದೆಯೆಂದು ಮನೆಮುಂದೆ, ಸೇತುವೆಯ ಗೇಟಿನ ಹತ್ತಿರವೇ, ಚಾಪೆ ಹಾಸಿ ಹಪ್ಪಳ ಲಟ್ಟಿಸಿ ಒಣಗಿಸುತ್ತಿದ್ದಳು. ನಾನು ಗೇಟಿನ ಪಕ್ಕದ ಹುಣಸೆಮರದ ಹಿಂದೆ ನಿಂತೆ. ನನ್ನ ಯೋಜನೆ ಸರಳವಾಗಿತ್ತು. ತುಂಗಕ್ಕನ ದನಿಯಲ್ಲಿ ಒಂದು ಸಲ ಕೂಗುವುದು. ತಂಗಿ ಕಷ್ಟದಲ್ಲಿದ್ದಾಳೆ ಎಂದರೆ ಭದ್ರಕ್ಕ ಗೇಟು ನೋಡುತ್ತ ನಿಲ್ಲುವವಳಲ್ಲ.

ಗಂಟಲು ಸರಿಮಾಡಿಕೊಂಡು ಕೂಗಿದೆ. “ಅಕ್ಕಾ, ಬಾರೇ ಬೇಗ, ಸೇತುವೆ ಮೇಲೆ ಕಾಲು ಸಿಕ್ಕಿಕೊಂಡಿದೆ ಕಣೇ.”

ಭದ್ರಕ್ಕ ಲಟ್ಟಣಿಗೆ ಹಿಡಿದುಕೊಂಡೇ ಎದ್ದಳು. ಗೇಟಿನ ಕಡೆ ಎರಡು ಹೆಜ್ಜೆ ಹಾಕಿ ನಿಂತಳು.

“ಶೇಷು, ಮರದಿಂದ ಈಚೆ ಬಾ.”

ಬಂದೆ.

“ತುಂಗ ನನ್ನನ್ನ ಯಾವತ್ತು ಅಕ್ಕ ಅಂದಿದಾಳೋ? ಕಾಲು ಗಂಟೆ ದೊಡ್ಡೋಳು ಅಂತ ಇವತ್ತಿನವರೆಗೂ ಒಪ್ಪಿಲ್ಲ ಅವಳು. ಭದ್ರಿ ಅಂತಾಳೆ.”

ಇಲ್ಲಿ ತಲೆ ತಗ್ಗಿಸಿ ಮನೆಗೆ ಹೋಗಿದ್ದರೆ ನಾನು ಜಾಣ. ಆದರೆ ಸಿಕ್ಕಿಬಿದ್ದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಅದು ತಾನಾಗಿ ಭದ್ರಕ್ಕನ ದನಿಯಲ್ಲೇ ಶುರುಮಾಡಿತು. “ಏನೋ ಶೇಷು, ಹಾಳಾಗಿ ಹೋಗ, ನಾನೇನು ಹಪ್ಪಳ ಮಾರೋಕೆ ಗೋಡೆ ಹತ್ತಬೇಕಾ?”

ಜಗಲಿಯ ಮೇಲೆ ಕೂತಿದ್ದ ಶಾಮಣ್ಣನವರು ನಕ್ಕರು. ಕೆಮ್ಮು ಅಂದುಕೊಂಡೆ, ಅಲ್ಲ, ನಗುವೇ. ಮೂವತ್ತು ವರ್ಷ ಒಳಗೇ ಇಟ್ಟಿದ್ದದ್ದು ಒಟ್ಟಿಗೆ ಬಂದು ಕಣ್ಣೊರೆಸಿಕೊಂಡು ನಗುತ್ತಿದ್ದರು. ಭದ್ರಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾರದ್ರೀ ಆ ದನಿ? ಯಾವ ಹೆಂಗಸು ಹಾಗೆ ಕಾಗೆ ಥರ ಮಾತಾಡೋದು?”

“ನೀನೇ ಕಣೇ,” ಎಂದರು ಶಾಮಣ್ಣನವರು. “ತದ್ರೂಪು ನೀನೇ.”

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕಾಲಡಿಯಲ್ಲಿ ಪಟಪಟ ಶಬ್ದವಾಯಿತು. ಚಾಪೆಯ ಅರ್ಧದಷ್ಟು ಹಪ್ಪಳದ ಮೇಲೆ ನಿಂತಿದ್ದೆ. ಭದ್ರಕ್ಕ ಪುಡಿಯಾದ ಹಪ್ಪಳ ನೋಡಿದಳು, ಕೈಯಲ್ಲಿದ್ದ ಲಟ್ಟಣಿಗೆ ನೋಡಿದಳು. ನಾನು ಓಡಿದೆ. ಮುಂದೆ ಇದ್ದುದು ಗೇಟು ಮಾತ್ರ. ತಳ್ಳಿಕೊಂಡು ಸೇತುವೆಯ ಮೇಲೆ ಬಿದ್ದೆ. ಹಿಂದೆ ಗೇಟು ‘ಟಕ್’ ಎಂದಿತು. ನಾಲ್ಕು ಹಲಗೆ ದಾಟುವಷ್ಟರಲ್ಲಿ ಇನ್ನೊಂದು ಸಲ ‘ಟಕ್’ ಎಂದಿತು. ಹತ್ತನೆಯ ಹಲಗೆಯ ಮೇಲೆ ನನ್ನ ಕೂದಲೊಳಗೆ ಕೈ ಹೋಗಿ ಕಿವಿ ಸಿಕ್ಕಿತು.

“ಎಷ್ಟು ಹಪ್ಪಳ ತುಳಿದೆ? ಲೆಕ್ಕ ಹೇಳು. ಇದೇನೋ ಇದು, ಕಿವೀನಾ? ಹಿಡಿಯೋಕೇ ಸಿಗಲ್ಲ, ಇಲಿ ಕಿವಿ. ಇಷ್ಟಕ್ಕೆ ಹೆಂಗಸರ ಥರ ಕೂದಲು ಬಿಟ್ಟಿದೀಯ?”

ನಮ್ಮ ಊರಿನಲ್ಲಿ ನನಗೆ ಯಾರೂ ಆಡಬಾರದ ಮಾತು ಅದು, ಯಾರೂ ಆಡದ ಒಳ್ಳೆಯ ಮಾತೂ ಅದೇ. ಸೇತುವೆ ತೂಗುತ್ತಿತ್ತು. ಭದ್ರಕ್ಕ ಕಾಲಡಿಯ ಹಲಗೆ ನೋಡಿದಳು, ಹಲಗೆಯ ಸಂದಿನಲ್ಲಿ ಹರಿಯುತ್ತಿದ್ದ ನೀರು ನೋಡಿದಳು, ಆಮೇಲೆ ಮೆಲ್ಲಗೆ ತಿರುಗಿ ಗೇಟು ನೋಡಿದಳು. ಅದು ಇನ್ನೂ ಸುತ್ತುತ್ತಿತ್ತು.

“ನಾನು ಅದರೊಳಗೆ ಬಂದೆನೇನೋ?”

“ಪಕ್ಕಕ್ಕೂ ತಿರುಗಲಿಲ್ಲ ಭದ್ರಕ್ಕ. ನೆಟ್ಟಗೆ ಬಂದಿರಿ.”

ಆಗ ಆಚೆ ದಡದಿಂದ “ಭದ್ರೀ” ಎಂದು ಕೇಳಿತು. ನಾನಲ್ಲ, ನನ್ನ ಕಿವಿ ಇನ್ನೂ ಅವಳ ಕೈಯಲ್ಲೇ ಇತ್ತು. ತುಂಗಕ್ಕ ಸೇತುವೆಯ ಮೇಲೆ ಅಕ್ಕನನ್ನು ಕಂಡು, ಮಗುವನ್ನು ಯಾರ ಕೈಗೋ ಕೊಟ್ಟು ಓಡಿಬರುತ್ತಿದ್ದಳು. ಕಮಾನಿನ ಕೆಳಗೆ ಬಂದಳು, ದಾಟಿದಳು. ತಲೆ ಬಗ್ಗಿಸಲಿಲ್ಲ. ಬಗ್ಗಿಸಬೇಕೆಂದು ನೆನಪಾಗಿ ಮೂರು ಹೆಜ್ಜೆ ದಾಟಿದ ಮೇಲೆ ಬಗ್ಗಿದಳು. ಹಣೆ ಮುಟ್ಟಿಕೊಂಡು ಹಿಂದೆ ತಿರುಗಿ ನೋಡಿದಳು. ಕಮಾನು ಅವಳಿಗಿಂತ ಒಂದು ಮೊಳ ಮೇಲಿತ್ತು.

ಸೇತುವೆಯ ನಡುವೆ ಇಬ್ಬರೂ ಎದುರಾದರು. ಒಂದೇ ಸೀರೆ, ಒಂದೇ ಕುಂಕುಮ, ಒಂದೇ ಎತ್ತರ, ಒಂದೇ ಅಗಲ. ಒಬ್ಬಳ ಕೈಯಲ್ಲಿ ಲಟ್ಟಣಿಗೆ ಇದ್ದುದೊಂದೇ ವ್ಯತ್ಯಾಸ. ಭದ್ರಕ್ಕ ತಂಗಿಯ ಹೆಗಲ ಪಕ್ಕಕ್ಕೆ ತನ್ನ ಹೆಗಲು ತಂದು, ಅಂಗೈಯನ್ನು ತನ್ನ ತಲೆಯಿಂದ ಅವಳ ತಲೆಗೆ ನೇರವಾಗಿ ಜಾರಿಸಿದಳು. ಕೈ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ.

“ನನ್ನ ಗೋಡೆ ಮೇಲೆ ನೀನಿದೀಯ ಅಂದ್ಕೊಂಡಿದ್ದೆ ಕಣೇ,” ಎಂದಳು ತುಂಗಕ್ಕ.

“ನನ್ನದರ ಮೇಲೆ ನೀನು,” ಎಂದಳು ಭದ್ರಕ್ಕ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಷ್ಟು ಹತ್ತಿರದಿಂದ ಎರಡು ಒಂದೇ ಮುಖಗಳು ಬೈಯಲು ಬಾಯಿ ತೆರೆಯುವುದನ್ನು ನಾನು ಇನ್ನೊಮ್ಮೆ ನೋಡಲು ಬಯಸುವುದಿಲ್ಲ.

ಹೆಸರನ್ನು ಭದ್ರಕ್ಕ ತೊಟ್ಟಿಲಿನ ಮೇಲೆ ಬಗ್ಗಿ, ಮಗುವಿನ ಕಿವಿಗೆ ಬಾಯಿಟ್ಟು, ಮೂರು ಸಲ ಹೇಳಿದಳು. ಎಷ್ಟು ಮೆಲ್ಲಗೆಂದರೆ ಈ ಸಲ ಮಗುವಿಗೊಂದಕ್ಕೇ ತಿಳಿಯಿತು, ಊರಿಗೆ ತಿಳಿಯಲಿಲ್ಲ. ಈ ದಡದಲ್ಲಿ ಕಿವಿ ನಿಮಿರಿಸಿ ನಿಂತಿದ್ದವರೆಲ್ಲ ಸಂಜೆಯವರೆಗೆ ನನ್ನನ್ನು ಕೇಳುತ್ತಿದ್ದರು. ನಾನು ಕೂದಲನ್ನು ಹಿಂದಕ್ಕೆ ಬಾಚಿಕೊಂಡು ಓಡಾಡುತ್ತಿದ್ದೆ. ಹಯಾತ್ ಸಾಬರು ನೋಡಿ ಏನೋ ಹೇಳಲು ಹೋಗಿ, ಮರ್ಯಾದಸ್ಥರಾದ್ದರಿಂದ ಮಜ್ಜಿಗೆ ಕುಡಿದರು.

ಮುಂದಿನ ಯುಗಾದಿಗೆ ಹಾಳೆಗಳು ಉದುರಿದ ಮಾರನೆಯ ದಿನ ಅಕ್ಕ ತಂಗಿ ಇಬ್ಬರೂ ಜೊತೆಯಾಗಿ ಅಂಗಡಿಗೆ ಬಂದರು. ಬಾಗಿಲಲ್ಲಿ ಯಾರೂ ತಿರುಗಲಿಲ್ಲ, ಬಗ್ಗಲಿಲ್ಲ. ಒಟ್ಟಿಗೆ ನುಗ್ಗಲು ಹೋಗಿ ಒಂದು ಕ್ಷಣ ಸಿಕ್ಕಿಕೊಂಡರು ಅಷ್ಟೇ. ಇಬ್ಬರದೂ ಒಂದೇ ಚಿತ್ರ ಬೇಕು ಎಂದರು. ಒಂದು ಚೌಕಟ್ಟಿನಲ್ಲಿ ಒಬ್ಬರೇ ಎಂದು ನಮ್ಮ ಊರಿನಲ್ಲಿ ಯಾರೂ ಬರೆದಿಟ್ಟಿಲ್ಲ, ಇಬ್ಬರು ಬೇಕೆಂದು ಯಾರೂ ಕೇಳಿರಲೂ ಇಲ್ಲ. ತುಂಗಕ್ಕನ ಉದ್ದ ಚೌಕಟ್ಟಿಗೆ ಅವಳನ್ನು ಕೆಳಗೆ ಮಣೆಯ ಮೇಲೆ ಕೂರಿಸಿ, ಭದ್ರಕ್ಕನನ್ನು ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿ ತೆಗೆದೆ. ಕಾಲು ಗಂಟೆ ದೊಡ್ಡವಳಾದ್ದಕ್ಕೆ ಈಗಲಾದರೂ ಮೇಲಿನ ಜಾಗ ಸಿಕ್ಕಿತಲ್ಲ ಎಂದಳು ಭದ್ರಕ್ಕ. ಸ್ಟೂಲಿನ ಕಾಲು ಕುಂಟು, ಹುಷಾರು ಎಂದಳು ತುಂಗಕ್ಕ.

ಆಮೇಲೆ ಭದ್ರಕ್ಕನ ಅಡ್ಡ ಚೌಕಟ್ಟಿನ ಸರದಿ. ಎತ್ತರದ ತಿರುಪನ್ನು ಮೊದಲಿನಂತೆ ಮಾಡಿ, ಅಗಲದ ತಿರುಪನ್ನು ಹೋದ ವರ್ಷದ ಅರ್ಧದ ಗುರುತಿಗೇ ತಂದೆ. ಭದ್ರಕ್ಕ ಅದೇ ಜಾಗದಲ್ಲಿ ನಿಂತಳು. ನೀಲಿ ಪರದೆಯ ಮುಂದೆ ಖಾಲಿ ಉಳಿದಿದ್ದ ಕಡೆ ತುಂಗಕ್ಕ ಬಂದು ನಿಂತಳು. ಅಲ್ಲಿಗೆ ಚೌಕಟ್ಟು ಅಂಚಿನಿಂದ ಅಂಚಿಗೆ ತುಂಬಿತು. ಅಭ್ಯಾಸಬಲದಿಂದ ನಾನು ಡಬ್ಬಿಯಿಂದ ಒಂದು ಹಪ್ಪಳ ತೆಗೆದು ಭದ್ರಕ್ಕನ ಕಡೆ ಚಾಚಿದೆ.

“ಅಳತೆಗೆ ಇನ್ನು ಹಪ್ಪಳ ಯಾಕೋ?” ಎಂದಳು ಭದ್ರಕ್ಕ. “ಇವಳಿದಾಳಲ್ಲ.”